ಬಲಗಡೆಯ ಸ್ಪೀಕರು

ಮದ್ದೂರಿನ ಹಳೇ ಹೆದ್ದಾರಿಯ ಪಕ್ಕದಲ್ಲಿ ನನ್ನ ಗೆಳೆಯನೊಬ್ಬ ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರು ಕೂರಿಸುವ ಅಂಗಡಿ ಇಟ್ಟಿದ್ದ. ಪಿಯುಸಿಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ನಾನು ಪಶುಸಂಗೋಪನೆ ಇಲಾಖೆ ಸೇರಿ ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ದನಗಳಿಗೆ ಸೂಜಿ ಚುಚ್ಚಿಕೊಂಡು ತಿರುಗಿದೆ. ಅವನು ತನ್ನ ಅಬ್ಬನ ಮೈಕ್‌ಸೆಟ್ ಹಿಡಿದ. ಮದುವೆ, ಉರುಸು, ಗಣಪತಿ, ನಾಟಕ, ಎಲ್ಲಿ ಕರೆದರೂ ಹೋಗುತ್ತಿದ್ದ. ಮೈಕ್‌ಸೆಟ್ಟಿನ ಕಾಲ ಮುಗಿಯುತ್ತಿದೆ ಅನ್ನಿಸಿದಾಗ ಹಾರನ್ನುಗಳನ್ನೆಲ್ಲ ಮಾರಿ ಈ ಅಂಗಡಿ ತೆರೆದ.

ನಮ್ಮ ಗೆಳೆತನ ಅಷ್ಟು ವರ್ಷ ಉಳಿದದ್ದಕ್ಕೆ ನಾಟಕವೇ ಕಾರಣ. ನಮ್ಮೂರಿನಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದೆವು. ನನ್ನದು ರಾಜಪಾರ್ಟು. ಕಂದ, ವೃತ್ತ ಎಲ್ಲವನ್ನೂ ಶ್ರುತಿ ತಪ್ಪದೆ ಹಾಡುತ್ತೇನೆ ಅಂತ ಸುತ್ತಲ ಹಳ್ಳಿಗಳಲ್ಲಿ ಒಂದು ಹೆಸರಿತ್ತು. ಬೇರೆಯವರು ಹಾಡುವಾಗ ಶ್ರುತಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ಕೆಳಗಿಳಿದರೂ ನನಗೆ ಗೊತ್ತಾಗುತ್ತಿತ್ತು. ಗೆಳೆಯ ನಾಟಕಕ್ಕೆ ಮೈಕು ಹಾಕಲು ಬರುತ್ತಿದ್ದ. ಒಂದು ವರ್ಷ ಪ್ರಾಕ್ಟೀಸಿನ ದಿನ ಅವನು ಎರಡು ಮೈಕು ಇಟ್ಟು, ಬಲಕ್ಕೆ ಹಾರ್ಮೋನಿಯಂ, ಎಡಕ್ಕೆ ತಬಲ, ನಡುವೆ ನಮ್ಮ ಹಾಡು ಬರುವಂತೆ ರೆಕಾರ್ಡು ಮಾಡಿಕೊಟ್ಟ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸಾವಿರ ಸಲ ಕೇಳಿದ್ದೇನೆ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಆ ವರ್ಷವೇ ತೀರಿಕೊಂಡರು. ಅವರ ಬೆರಳು ಓಡಿದ್ದು ಅದೊಂದರಲ್ಲೇ ಉಳಿದಿರುವುದು.

ನಾನು ಕಾರು ತೆಗೆದುಕೊಂಡದ್ದು ಮಂಡ್ಯದ ಒಬ್ಬರಿಂದ, ಸೆಕೆಂಡ್‌ಹ್ಯಾಂಡು. ಅದರಲ್ಲಿದ್ದ ಸ್ಪೀಕರುಗಳ ಕಾಗದವೆಲ್ಲ ಹರಿದುಹೋಗಿ ಸೋರೆಬುರುಡೆ ಕುಟ್ಟಿದ ಹಾಗೆ ಸದ್ದು ಬರುತ್ತಿತ್ತು. ಹಲಗೂರು, ಮುತ್ತತ್ತಿ ಕಡೆಯ ಹಳ್ಳಿಗಳಿಗೆ ದಿನವೂ ಒಬ್ಬನೇ ಓಡಾಡುವವನು ನಾನು. ಒಳ್ಳೆಯ ಸ್ಪೀಕರು ಹಾಕಿಸಿಕೊಳ್ಳೋಣ ಅಂತ ಮದ್ದೂರಿಗೆ ಹೋದೆ.

ಅಷ್ಟು ಹೊತ್ತಿಗೆ ಹೊಸ ಹೆದ್ದಾರಿ ಊರಾಚೆಯಿಂದ ಹಾದುಹೋಗಿತ್ತು. ಬೆಂಗಳೂರು ಮೈಸೂರಿನ ಕಾರುಗಳು ಮದ್ದೂರಿನೊಳಕ್ಕೆ ಬರುವುದೇ ನಿಂತುಹೋಗಿತ್ತು. ರಸ್ತೆಯ ಎರಡೂ ಕಡೆ ಅರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ಗೆಳೆಯನ ಅಂಗಡಿಯಲ್ಲಿ ಮೊದಲಾದರೆ ಕಾರುಗಳು ಸಾಲಾಗಿ ನಿಂತಿರುತ್ತಿದ್ದವು. ಈಗ ಅವನು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ಈಗ್ನ ಕಾರ್ಗೊಳ್ಗೆ ಕಂಪ್ನೀಲೇ ಎಲ್ಲಾ ಕೂರ್ಸಿ ಕೊಡ್ತಾರೆ ಕಣ್ಲಾ. ನಮ್ತಾವ್ಕೆ ಬರೋರು ನಿನ್ನಂಗೆ ಅಳೇ ಗಾಡಿ ಇರೋರೇಯ" ಅಂದ.

ಅವನ ಅಂಗಡಿಯ ಒಂದು ಗೋಡೆಯ ತುಂಬ ಸ್ಪೀಕರುಗಳನ್ನು ಹಲಗೆಗೆ ಕೂರಿಸಿ, ಒಂದೊಂದಕ್ಕೂ ಒಂದೊಂದು ಸ್ವಿಚ್ಚು ಇಟ್ಟಿದ್ದ. ನನ್ನ ಪೆನ್‌ಡ್ರೈವು ಹಾಕಿ ಒಂದಾದ ಮೇಲೊಂದು ಕೇಳಿಸಿದ. ಕೆಲವು ಸ್ಪೀಕರುಗಳಲ್ಲಿ ತಬಲದ ಎಡಗೈ ದಪ್ಪಗೆ ಬಂದು ಹಾಡನ್ನೇ ನುಂಗುತ್ತಿತ್ತು. ಕೆಲವುಗಳಲ್ಲಿ ತಾಳದ ಸದ್ದು ಹಲ್ಲು ಜುಮ್ಮೆನ್ನಿಸುವ ಹಾಗೆ ಚುಚ್ಚುತ್ತಿತ್ತು. ಒಂದೇ ಬಾಯಿಯಲ್ಲಿ ದಪ್ಪ ಸದ್ದು, ಸಣ್ಣ ಸದ್ದು ಎರಡೂ ಹೊರಡುವ ಜಾತಿಯದನ್ನು ಅವನು ಬೇಡ ಅಂದ. ಬಾಗಿಲಿನ ಕೆಳಗೆ ದೊಡ್ಡದು, ಕನ್ನಡಿಯ ಹತ್ತಿರ ಸಣ್ಣ ಸದ್ದಿನ ಟ್ವೀಟರು ಅಂತ ಬೇರೆಬೇರೆ ಕೂರಿಸುವ ಜೋಡಿ ತಗೋ, ಹಾರ್ಮೋನಿಯಂ ಮುಖದ ಮಟ್ಟಕ್ಕೆ ಬಂದು ನಿಲ್ಲುತ್ತದೆ ಅಂದ.

ಆಂಪ್ಲಿಫೈಯರಿನ ವಿಷಯಕ್ಕೆ ನಾನು ಡಬ್ಬದ ಮೇಲಿನ ದಪ್ಪ ಅಕ್ಷರ ನೋಡಿ ಒಂದನ್ನು ತೋರಿಸಿದೆ. ಅವನು ನಕ್ಕ.

"ಡಬ್ಬದ್ ಮ್ಯಾಲೆ ಎಷ್ಟ್ ವ್ಯಾಟ್ ಬೇಕಾರೂ ಬರ್ಕತಾರೆ. ಒಂದ್ ಗಳ್ಗೆ ಕಿರ್ಚ್ಕೊಳ್ಳಾದು ಬ್ಯಾರೆ, ದಿನಾ ಆಡೋದು ಬ್ಯಾರೆ. ನೀನು ನಾಟ್ಕ ಆಡೋನು, ನಿಂಗ್ ಗೊತ್ತಲ್ವ. ದಿನಾ ಆಡೋದ್ನ ನೋಡ್ಕಂಡ್ ತಗೊ."

ಕೊನೆಗೆ ಸೀಟಿನಡಿ ಹಿಡಿಯುವ, ನಾಲ್ಕು ಸ್ಪೀಕರಿಗೂ ಬೇರೆಬೇರೆ ತಂತಿ ಎಳೆಯಬಹುದಾದ ಒಂದು ಆಂಪ್ಲಿಫೈಯರು ಗೊತ್ತು ಮಾಡಿದೆವು. ಡಿಕ್ಕಿಯಲ್ಲಿ ಬೇಸಿನ ಪೆಟ್ಟಿಗೆ ಇಡಲು ಜಾಗವಿರಲಿಲ್ಲ. ಅಲ್ಲಿ ದನಗಳಿಗೆ ಗರ್ಭ ಕಟ್ಟಿಸುವ ಕಡ್ಡಿಗಳನ್ನಿಟ್ಟ ನೈಟ್ರೋಜನ್ ಕ್ಯಾನು ಇರುತ್ತಿತ್ತು. ಅವನು ಬಾಗಿಲುಗಳ ಒಳಗೆ ತಗಡು ನಡುಗದಂತೆ ಕಪ್ಪು ಹಾಳೆ ಅಂಟಿಸಿ, ಇಡೀ ದಿನ ಕೂತು ಕೆಲಸ ಮಾಡಿದ. ಸಾಯಂಕಾಲ ಸೀಟಿನಲ್ಲಿ ಕೂತು ಕೇಳಿದಾಗ ಹಾಡು ಗಾಜಿನ ಮುಂದೆ, ಕೈಗೆ ಎಟಕುವ ದೂರದಲ್ಲಿತ್ತು. ಹಾರ್ಮೋನಿಯಂ ಮಾತ್ರ ಬಲಗಡೆ ಇರಬೇಕಾದಷ್ಟು ಗಟ್ಟಿಯಾಗಿ ಇರಲಿಲ್ಲ. ಹೊಸ ಸ್ಪೀಕರು, ಆಡುತ್ತ ಆಡುತ್ತ ಬಿಚ್ಚಿಕೊಳ್ಳುತ್ತದೆ ಅಂದ. ಸರಿ ಅಂತ ಬಂದೆ.

ಅದು ಬಿಚ್ಚಿಕೊಳ್ಳಲಿಲ್ಲ. ವಾರ ಕಳೆದ ಹಾಗೆ ಬಲಗಡೆ ಇನ್ನಷ್ಟು ತೆಳ್ಳಗಾಯಿತು. ಜೊತೆಗೆ ಸೊಳ್ಳೆ ಕೂಗಿದ ಹಾಗೆ ಒಂದು ಸಣ್ಣ ಕುಯ್ಯ್ ಸದ್ದು ಶುರುವಾಯಿತು. ಗೆಳೆಯನ ಹತ್ತಿರ ಮತ್ತೆ ಹೋದೆ. ಎಂಜಿನ್ನಿನ ಕರೆಂಟು ಸ್ಪೀಕರಿನ ತಂತಿಗೆ ಸೇರಿದರೆ ಹಾಗೆ ಬರುತ್ತದೆ ಅಂತ ಅವನು ಅರ್ತಿಂಗ್ ತಂತಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟಿದ. ಆ ಸದ್ದು ಹೋಗಲಿಲ್ಲ. ಎಂಜಿನ್ ಆರಿಸಿದರೂ ಇತ್ತು. ಮನೆಗೆ ಬಂದು ಊಟಕ್ಕೆ ಕೂತಾಗಲೂ ಇತ್ತು. ದಾರಿಯುದ್ದಕ್ಕೂ ಕೇಳಿ ಕೇಳಿ ಕಿವಿಯಲ್ಲಿ ಉಳಿದುಕೊಂಡಿದೆ ಅಂದುಕೊಂಡೆ.

ಇನ್ನೊಂದು ಸಲ ಹೋದಾಗ ಅವನು ಆಂಪ್ಲಿಫೈಯರಿನಲ್ಲಿ ಎಡದ ತಂತಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಾಯಿಸಿದ. ಹಾರ್ಮೋನಿಯಂ ಎಡಕ್ಕೆ ಬಂದು ತುಂಬಿ ನುಡಿಯಿತು. ಬಲಕ್ಕೆ ಹೋದ ತಬಲ ಸತ್ತಿತು. ಅಲ್ಲಿಗೆ ತಪ್ಪು ಬಲಗಡೆಯ ಸ್ಪೀಕರಿನದೇ ಅಂತ ಇಬ್ಬರೂ ತೀರ್ಮಾನಿಸಿದೆವು. ಅವನು ಡ್ರೈವರ್ ಸೀಟಿನಲ್ಲಿ ಕೂತು ತಾನೂ ಕೇಳಿದ.

"ನಂಗೇನೋ ಎಲ್ಡೂ ಒಂದೇ ತರ ಕೇಳ್ತವೆ."

"ನಿಂಗೆ ಅಂಗ್ ಕೇಳ್ತದೆ. ಬಲಗಡೆದು ಸತ್ತೋಗದೆ ಕಣ್ಲಾ."

"ಬುಡು, ನಿನ್ ಕಿವಿ ಮುಂದೆ ನನ್ ಕಿವಿ ಎಷ್ಟರದು. ಬ್ಯಾರೆ ಜೊತೆ ಹಾಕ್ತೀನಿ" ಅಂದ.

ಬೇರೆ ಜೊತೆ ಹಾಕಿದ. ಅದೂ ಹಾಗೆಯೇ ಆಯಿತು. ಆಂಪ್ಲಿಫೈಯರನ್ನೇ ಬದಲಾಯಿಸಿದ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಅವನಿಗೆ ಹೊತ್ತು ಬೇಕಾದಷ್ಟಿತ್ತು. ಬಾಗಿಲಿನ ಒಳಹಲಗೆ ಬಿಚ್ಚಿಕೊಂಡು, ಬ್ಯಾಟರಿ ಹಿಡಿದು ನೋಡುತ್ತ ನೆಲದ ಮೇಲೆ ಕೂತಿರುತ್ತಿದ್ದ. ಒಂದು ದಿನವೂ ಬೇಸರದ ಮಾತಾಡಲಿಲ್ಲ. ಅವನು ತನ್ನ ಕೈಕೆಲಸವನ್ನು ಅನುಮಾನಿಸಿದನೇ ಹೊರತು ನನ್ನ ಕಿವಿಯನ್ನು ಅನುಮಾನಿಸಲಿಲ್ಲ. ನಾನೂ ಅನುಮಾನಿಸಲಿಲ್ಲ. ಆ ಕಿವಿಯನ್ನು ಊರೇ ಹೊಗಳಿತ್ತು.

ಕೊಕ್ಕರೆ ಬೆಳ್ಳೂರಿನಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮನ ಮನೆಯಿದೆ. ಅವರ ಹಸು ಕರು ಹಾಕಿದ ಮೇಲೆ ಕಸ, ಅಂದರೆ ಮಾಸು, ಬಿದ್ದಿಲ್ಲ ಅಂತ ಭಾನುವಾರ ಬೆಳಿಗ್ಗೆ ಫೋನು ಬಂತು. ಹೆಂಡತಿಯೂ ಜೊತೆಗೆ ಬಂದಳು. ಹಸುವಿನ ಕೆಲಸ ಮುಗಿಸಿ, ಕೈತೊಳೆದು, ಹೆಂಡತಿ ಒಳಗೆ ಅವರನ್ನು ಮಾತಾಡಿಸಿ ಬರುವವರೆಗೆ ನಾನು ಕಾರಿನಲ್ಲಿ ಕೂತೆ. ಕೊಕ್ಕರೆಗಳು ಮರಿ ಮಾಡಿರುವ ಕಾಲ. ಮೇಲಿನ ಹುಣಸೆಮರದಿಂದ ಹಿಕ್ಕೆ ಬೀಳುತ್ತದೆ ಅಂತ ಗಾಜು ಏರಿಸಿಕೊಂಡು ಪೆನ್‌ಡ್ರೈವು ಹಾಕಿದೆ.

ಔಷಧದ ಬ್ಯಾಗು ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದನ್ನು ಸರಿಮಾಡಲು ಸೀಟಿನ ಮೇಲೆ ಮೊಣಕಾಲೂರಿ ಪೂರ್ತಿ ಹಿಂದಕ್ಕೆ ತಿರುಗಿದೆ. ತಿರುಗಿದ ಕ್ಷಣವೇ ಬಲಬಾಗಿಲಿನ ಹಾರ್ಮೋನಿಯಂ ಎದ್ದು ಬಂತು. ಅಷ್ಟು ತಿಂಗಳು ಕೇಳದಿದ್ದ ಬಿರುಸಿನಲ್ಲಿ, ಮೇಷ್ಟ್ರ ಬೆರಳು ಮನೆಗಳನ್ನು ಬಡಿಯುವ ಸದ್ದಿನ ಸಮೇತ. ತಬಲ ಎಲ್ಲೋ ಹೋಯಿತು. ಮುಂದಕ್ಕೆ ತಿರುಗಿದೆ. ತಬಲ ಬಂತು, ಹಾರ್ಮೋನಿಯಂ ಹೋಯಿತು. ಮತ್ತೆ ಹಿಂದಕ್ಕೆ ತಿರುಗಿದೆ. ಸ್ಪೀಕರುಗಳು ಇದ್ದಲ್ಲೇ ಇದ್ದವು. ತಿರುಗಿದ್ದು ನನ್ನ ತಲೆಯೊಂದೇ.

ಬೆರಳಿನಿಂದ ಎಡಗಿವಿ ಮುಚ್ಚಿದೆ. ಹಾಡು ಬಾವಿಯ ತಳಕ್ಕೆ ಇಳಿಯಿತು. ಮರದ ಮೇಲಿನ ಅಷ್ಟೂ ಹಕ್ಕಿಗಳ ಕಟಕಟ ನಿಂತಿತು. ಉಳಿದದ್ದು ಆ ಕುಯ್ಯ್ ಸದ್ದೊಂದೇ. ಫೋನು ಯಾವಾಗಿನಿಂದ ಎಡಗಿವಿಗೆ ಹಿಡಿಯುತ್ತಿದ್ದೇನೆ ಅಂತ ಯೋಚಿಸಿದೆ. ನೆನಪಾಗಲಿಲ್ಲ. ಮೊದಲೆಲ್ಲ ಬಲಗಿವಿಗೇ ಹಿಡಿಯುತ್ತಿದ್ದೆ.

ಹೆಂಡತಿ ಬಂದಳು. ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

"ಹಾರ್ಮೋನಿಯಂ ಯಾವ್ ಕಡೆಯಿಂದ ಕೇಳ್ತದೆ ಹೇಳು."

"ಈ ಕಡೆಯಿಂದ" ಅಂತ ಬಲಬಾಗಿಲು ತೋರಿಸಿದಳು.

"ಜೋರಾಗ್ ಕೇಳ್ತದಾ?"

"ಜೋರಾಗೇ ಕೇಳ್ತದೆ. ಯಾಕ್ರೀ, ಮತ್ತೆ ಕೆಟ್ಟೋಯ್ತಾ?"

"ಸ್ಪೀಕರು ಸರ್ಯಾಗೇ ಅದೆ. ನನ್ ಕಿವಿ ಓಗದೆ."

ಅವಳು ಹಾಡು ಆರಿಸಿ, ಇಳಿದು ನನ್ನ ಬಲಗಡೆಗೆ ಬಂದು ನಿಂತು ಏನೋ ಹೇಳಿದಳು. ಏನು ಅಂತ ಕೇಳಿದೆ. ಅವಳು ಇನ್ನೊಂದು ಸಲ ಹೇಳಲಿಲ್ಲ. ಆ ದಿನ ಅಲ್ಲಿಂದ ಚಿಕ್ಕರಸಿನಕೆರೆಗೆ ಹೋಗಿ ದೇವಸ್ಥಾನಕ್ಕೆ ಪೂಜೆ ಕೊಟ್ಟು ಬರುವುದು ಅಂತಿತ್ತು. ಹೋದೆವು. ಪೂಜಾರಪ್ಪ ಗಂಟೆ ಬಾರಿಸುವಾಗ ಅವಳು ದೇವರ ಕಡೆ ನೋಡದೆ ನನ್ನನ್ನೇ ನೋಡುತ್ತಿದ್ದಳು.

ಮಂಡ್ಯದ ಕಿವಿ ಡಾಕ್ಟರು ಟ್ಯೂನಿಂಗ್ ಫೋರ್ಕ್ ಅನ್ನುವ ಕಬ್ಬಿಣದ ಕವಲನ್ನು ಬಡಿದು ಹಣೆಯ ಮೇಲೆ ಇಟ್ಟು ಯಾವ ಕಡೆ ಕೇಳುತ್ತದೆ ಅಂತ ಕೇಳಿದರು. ಗಾಜಿನ ಗೂಡಿನೊಳಗೆ ಕೂರಿಸಿ ಪರೀಕ್ಷೆ ಮಾಡಿಸಿದರು. ವಯಸ್ಸಾಯಿತಲ್ಲ, ಅದಕ್ಕೇ ಇರಬೇಕು ಅಂತ ನಾನೇ ಹೇಳಿ ನೋಡಿದೆ.

"ಎರಡೂ ಕಿವಿ ಮಂದವಾಗಿದ್ದರೆ ನಾನೂ ಹಾಗೇ ಹೇಳಿ ಕಳಿಸ್ತಿದ್ದೆ. ಒಂದೇ ಕಿವಿ ಅಂದಮೇಲೆ ತಲೆಯ ಸ್ಕ್ಯಾನ್ ನೋಡಲೇಬೇಕು. ನಡೆಯುವಾಗ ಜೋಲಿ ಹೊಡೀತದಾ?" ಅಂದರು.

ಗದ್ದೆಯ ಬದುವಿನ ಮೇಲೆ ನಡೆಯುವಾಗ ಈಚೆಗೆ ಕಾಲು ತಪ್ಪುತ್ತಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಈಗ ಅವಳ ಮುಂದೆಯೇ ಹೌದು ಅಂದೆ.

ಮೈಸೂರಿನಲ್ಲಿ ಸ್ಕ್ಯಾನ್ ಆಯಿತು. ಬಲಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಇರುವ ಜಾಗ ಕೆಟ್ಟದ್ದು, ಬಿಟ್ಟರೆ ಮೆದುಳನ್ನು ಒತ್ತುತ್ತದೆ ಅಂದರು. ತೆಗೆದರೆ ಆ ಕಿವಿ ಪೂರ್ತಿ ಹೋಗುತ್ತದೆ. ಮುಖವನ್ನು ಆಡಿಸುವ ನರವೂ ಅದಕ್ಕೆ ಅಂಟಿಕೊಂಡೇ ಇರುವುದರಿಂದ ಮುಖ ಏನಾಗುತ್ತದೆ ಅಂತ ಈಗಲೇ ಹೇಳಲಾಗುವುದಿಲ್ಲ ಅಂದರು.

ಗೆಳೆಯನಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಅಂಗಡಿಗೇ ಹೋದೆ. ಅವನು ನನಗಾಗಿ ಬೆಂಗಳೂರಿನಿಂದ ಇನ್ನೊಂದು ಜೊತೆ ಸ್ಪೀಕರು ತರಿಸಿಟ್ಟಿದ್ದ. ಡಬ್ಬ ಇನ್ನೂ ಒಡೆದಿರಲಿಲ್ಲ.

"ಅದ್ನ ವಾಪಸ್ ಕಳ್ಸ್‌ಬುಡು" ಅಂದೆ. ಎಲ್ಲವನ್ನೂ ಹೇಳಿದೆ.

ಅವನು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ನಾನು ಬಾಗ್ಲು ಬಿಚ್ತಾ ಕೂತಿದ್ನಲ್ಲೋ. ಅಷ್ಟ್ ದಿನ ಅದು ಬೆಳೀತಾ ಇತ್ತಲ್ಲೋ" ಅಂದ.

"ನಂಗೇ ಗೊತ್ತಾಗ್ನಿಲ್ಲ, ನಿಂಗೆಲ್ ಗೊತ್ತಾದದು."

"ಒಂದ್ಸಲ ಇಂದಕ್ ತಿರುಕ್ಕಂಡ್ ಕೇಳು ಅಂತ ಏಳಿದ್ರೆ ಗೊತ್ತಾಗೋಗದು" ಅಂತ ಅಂದವನು ಎದ್ದು ಒಳಗೆ ಹೋದ. ನಾನು ಹೊರಗೇ ಕೂತಿದ್ದೆ. ಅವನು ಮುಖ ತೊಳೆದುಕೊಂಡು ಬಂದ.

ಆಪರೇಷನ್ನಿಗೆ ಬೆಂಗಳೂರಿಗೆ ನನ್ನ ಕಾರಿನಲ್ಲೇ ಅವನು ಕರೆದುಕೊಂಡು ಹೋದ. ಅವನ ಅಂಗಡಿಗೆ ಗಿರಾಕಿ ತಪ್ಪಿಸಿದ ಹೊಸ ಹೆದ್ದಾರಿಯಲ್ಲೇ ಹೋದೆವು. ನಾನು ಪೆನ್‌ಡ್ರೈವು ಹಾಕು ಅಂದೆ. "ಇವತ್ತ್ ಬ್ಯಾಡ" ಅಂದ. "ಇವತ್ತೇ ಹಾಕು. ನಾಳಿಕ್ಕೆ ಬಲಗಡೇಲಿ ಇಷ್ಟೂ ಇರಾಕಿಲ್ಲ" ಅಂದೆ. ಹಾಕಿದ. ಹಿಂದೆ ಕೂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಬಲಗಡೆ ಎಷ್ಟು ಕೇಳುತ್ತದೋ ಅಷ್ಟನ್ನು ಕೇಳಿಕೊಳ್ಳಲು ನೋಡಿದೆ. ದೂರದ ಊರಿನಲ್ಲಿ ಯಾರೋ ಹಾರ್ಮೋನಿಯಂ ಹಿಡಿದ ಹಾಗಿತ್ತು. ರಾಮನಗರ ದಾಟಿದ ಮೇಲೆ ನಾನೇ ಆರಿಸಿದೆ.

ಎಚ್ಚರವಾದಾಗ ಜೀವವಿತ್ತು. ಬಲಗಿವಿ ಇರಲಿಲ್ಲ, ಕುಯ್ಯ್ ಸದ್ದು ಮಾತ್ರ ಹಾಗೇ ಇತ್ತು. ಕಿವಿಯನ್ನು ಕಳೆದುಕೊಂಡರೆ ಅದಾದರೂ ಹೋಗುತ್ತದೆ ಅಂದುಕೊಂಡಿದ್ದೆ. ಮುಖದ ಬಲಭಾಗ ಜೋತುಬಿದ್ದಿತ್ತು. ನೀರು ಕುಡಿದರೆ ಬಾಯಿಯ ಕೊನೆಯಿಂದ ಸೋರುತ್ತಿತ್ತು. ಕಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ. ಮಲಗುವಾಗ ಹೆಂಡತಿ ಮುಲಾಮು ಹಾಕಿ, ರೆಪ್ಪೆಯನ್ನು ಕೆಳಗೆಳೆದು ಟೇಪು ಅಂಟಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಕನ್ನಡಿ ಕೇಳಿದ್ದಕ್ಕೆ ಅವಳು ಕೊಡಲಿಲ್ಲ.

"ಮನೇಲ್ ನೋಡ್ಕಳ್ಳೋರಂತೆ."

"ಅಷ್ಟ್ ಕೆಟ್ಟದಾಗದಾ?"

"ನಂಗೇನೂ ಅಂಗ್ ಕಾಣಾಕಿಲ್ಲ" ಅಂದಳು. ಆಮೇಲೆ ಬಟ್ಟೆಯಿಂದ ನನ್ನ ಬಾಯಿಯ ಕೊನೆ ಒರೆಸಿದಳು.

ಡಾಕ್ಟರು ಮುಖದ ನರ ಉಳಿದಿದೆ, ನಿಧಾನಕ್ಕೆ ಬರುತ್ತದೆ ಅಂದಿದ್ದರು. ಸ್ವಲ್ಪ ಬಂತು. ಈಗ ಕಣ್ಣು ಮುಚ್ಚುತ್ತದೆ. ನಕ್ಕರೆ ಅರ್ಧ ಮುಖ ಮಾತ್ರ ನಗುತ್ತದೆ. ಪ, ಬ, ಮ ಇರುವ ಮಾತುಗಳು ತುಟಿಯಿಂದ ಜಾರುತ್ತವೆ. ಆ ವರ್ಷದ ನಾಟಕಕ್ಕೆ ನನ್ನ ಪಾರ್ಟನ್ನು ಬೇರೆಯವರಿಗೆ ಕೊಟ್ಟರು. ಕೊಡಲೇಬೇಕಿತ್ತು. ಪ್ರಾಕ್ಟೀಸು ನೋಡಲು ಒಂದು ದಿನ ಹೋದೆ. ಹೊಸ ಹುಡುಗ ಹಾಡುತ್ತಿದ್ದ. ಜನ ನನ್ನ ಮುಖ ನೋಡಿ, ಶ್ರುತಿ ಸರಿಯಾಗಿದೆಯಾ ಅಂತ ಕೇಳಿದರು. ಹಾರ್ಮೋನಿಯಂ, ಹಾಡು, ಮಾತಾಡುತ್ತಿದ್ದ ಜನ, ಹೊರಗಿನ ಟ್ರ್ಯಾಕ್ಟರು, ಎಲ್ಲವೂ ಒಂದೇ ಕಿಂಡಿಯಲ್ಲಿ ನುಗ್ಗುತ್ತಿದ್ದವು. ಯಾವುದನ್ನು ಹಿಡಿಯಬೇಕೋ ತಿಳಿಯಲಿಲ್ಲ. ಸರಿಯಾಗಿದೆ ಅಂದು ಎದ್ದು ಬಂದೆ. ಮತ್ತೆ ಹೋಗಲಿಲ್ಲ.

ಕೊಟ್ಟಿಗೆಗಳಲ್ಲಿ ಕೆಲಸ ಮಾಡುವುದೂ ಕಷ್ಟವಾಯಿತು. ದನದ ಯಜಮಾನ ನನ್ನ ಬಲಗಡೆ ನಿಂತರೆ ಅವನು ಹೇಳುವುದು ಕೇಳುವುದಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ಎಡಕ್ಕೇ ತಿರುಗುತ್ತೇನೆ, ಅವರು ಬಲಕ್ಕಿರುತ್ತಾರೆ. ಹಲಗೂರಿನ ಹತ್ತಿರ ಒಂದು ಎಮ್ಮೆ ಬಲಗಡೆಯಿಂದ ಬುಸುಗುಟ್ಟಿ ಬಂದದ್ದು ಗೊತ್ತಾಗದೆ ಗೋಡೆಗೆ ಬಿದ್ದೆ. ಆಮೇಲೆ ಮೇಲಿನವರಿಗೆ ಹೇಳಿಕೊಂಡು ದನದ ಆಸ್ಪತ್ರೆಯೊಳಗಿನ ಔಷಧದ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಬಂದೆ.

ಗೆಳೆಯ ಅಂಗಡಿ ಮುಚ್ಚುವ ವಾರ ನನಗೆ ಹೇಳಿ ಕಳಿಸಿದ. ಬಸ್ಸಿನಲ್ಲಿ ಹೋದೆ. ಗೋಡೆಯ ಹಲಗೆಯಿಂದ ಸ್ಪೀಕರುಗಳನ್ನೆಲ್ಲ ಬಿಚ್ಚಿ ಗೋಣಿಚೀಲಕ್ಕೆ ತುಂಬಿದ್ದ. ಹಲಗೆಯಲ್ಲಿ ದುಂಡನೆಯ ತೂತುಗಳು ಮಾತ್ರ ಇದ್ದವು. ಮಂಡ್ಯದ ಒಂದು ಕಾರು ಶೋರೂಮಿನಲ್ಲಿ ಸೀಟುಕವರು, ಮ್ಯಾಟು ಹಾಕುವ ಕೆಲಸ ಸಿಕ್ಕಿದೆ ಅಂದ.

"ಸ್ಪೀಕರ್ ಕೆಲ್ಸ ಇಲ್ವಾ ಅಲ್ಲಿ?"

"ಅವ್ರು ಸ್ಪೀಕರ್ ಮುಟ್ಟಂಗಿಲ್ಲ ಅಂದವ್ರೆ. ಮುಟ್ಟುದ್ರೆ ಕಂಪ್ನಿ ಗ್ಯಾರಂಟಿ ಓಯ್ತದಂತೆ" ಅಂದು, "ನಿನ್ ಗಾಡಿ ಕಳ್ಸು. ಒಂದ್ ಕೆಲ್ಸ ಮಾಡ್ಕೊಡ್ತೀನಿ. ಎಡದ್ದೂ ಬಲದ್ದೂ ಸೇರ್ಸಿ ಎಲ್ಲಾ ಸ್ಪೀಕರ್ಗೂ ಒಂದೇ ಕೊಡ್ತೀನಿ. ಆಗ ಪೂರ್ತಿ ಹಾಡು ನಿನ್ ಎಡಗಿವಿಗೇ ಸಿಗ್ತದೆ" ಅಂದ.

ಊರಿನ ಹುಡುಗನೊಬ್ಬನ ಕೈಲಿ ಓಡಿಸಿಕೊಂಡು ಗಾಡಿ ತಂದೆ. ಆ ಅಂಗಡಿಯಲ್ಲಿ ಅವನು ಮಾಡಿದ ಕೊನೆಯ ಕೆಲಸ ಅದು. ಮುಗಿದ ಮೇಲೆ ಕೂತು ಕೇಳಿದೆ. ಹಾರ್ಮೋನಿಯಂ ಬಂತು. ತಬಲವೂ ಬಂತು, ಹಾಡೂ ಬಂತು. ಮೂರೂ ಒಂದೇ ಜಾಗದಿಂದ, ಒಬ್ಬರ ಮೇಲೊಬ್ಬರು ಕೂತ ಹಾಗೆ. ಅವನು ಬಾಗಿಲು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

"ಎಲ್ಲಾ ಕೇಳ್ತದೆ" ಅಂದೆ.

"ಚೆನ್ನಾಗದಾ?"

"ಎಲ್ಲಾ ಕೇಳ್ತದೆ ಕಣ್ಲಾ" ಅಂತ ಮತ್ತೆ ಅಂದೆ. ಅವನು ಬಾಗಿಲು ಹಾಕಿ, ಉಳಿದ ತಂತಿ ಸುತ್ತತೊಡಗಿದ.

ಈಗ ನಾನು ಕಾರು ಓಡಿಸುವುದಿಲ್ಲ. ತಲೆ ಬೇಗ ತಿರುಗಿಸಿದರೆ ರಸ್ತೆಯೇ ಓರೆಯಾಗುತ್ತದೆ. ಹೆಂಡತಿಗೆ ಗೆಳೆಯನೇ ಹಳೇ ಹೆದ್ದಾರಿಯಲ್ಲಿ ಡ್ರೈವಿಂಗ್ ಕಲಿಸಿದ. ಮೊದಲ ದಿನ ಅವಳು ಓಡಿಸುವಾಗ ನಾನು ಪಕ್ಕದ ಸೀಟಿನಲ್ಲಿ ಕೂತೆ. ಮಳವಳ್ಳಿ ಬಿಟ್ಟು ಬಹಳ ದೂರ ಬಂದ ಮೇಲೆ ಅವಳು ಗಾಡಿ ನಿಲ್ಲಿಸಿ, ಅಲ್ಲಿಂದಲೂ ಮಾತಾಡುತ್ತಿದ್ದೇನೆ, ಒಂದಕ್ಕೂ ಉತ್ತರವಿಲ್ಲ ಅಂದಳು. ಆ ಸೀಟಿನಲ್ಲಿ ಕೂತರೆ ಓಡಿಸುವವರ ಕಡೆಗೆ ಇರುವುದು ನನ್ನ ಸತ್ತ ಕಿವಿ.

ಅವತ್ತಿನಿಂದ ನಾನು ಹಿಂದೆ, ಅವಳ ಬೆನ್ನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಬಲಗಿವಿ ಕೊಟ್ಟು ಕೂರುತ್ತೇನೆ. ಮುಂದಿನ ಸೀಟು ಖಾಲಿ ಇರುತ್ತದೆ. ಹೋದ ತಿಂಗಳು ಮಂಡ್ಯದ ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಒಳಗೆ ಇಣುಕಿ, "ಏನಮ್ಮ, ಸಾಹೇಬ್ರು ಇಂದೆ ಕೂತವ್ರೆ?" ಅಂತ ನಕ್ಕ. ನಾನು ಅವನ ಮಾತು ಪೂರ್ತಿ ಕೇಳಿಸಿಕೊಳ್ಳುವಷ್ಟರಲ್ಲಿ ಹೆಂಡತಿ, "ಅವ್ರಿಗೆ ಅಲ್ಲೇ ಸರ್ಯಾಗ್ ಕೇಳೋದು ಕಣಪ್ಪ, ಗೇಟ್ ತೆಗಿ" ಅಂದು ಗೇರು ಹಾಕಿದಳು.